ದೀಪದೊಳಗಿನ ಆವಿ

ಮಾವ ಮೂರನೇ ಸಲ ವ್ಯಾನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಅಳಿಯನಿಗೆ ರೇಗಿತು. ಬೇರೆ ಗಿರಾಕಿಯಾಗಿದ್ದರೆ ಎರಡು ಮಾತು ಅಂದುಬಿಡುತ್ತಿದ್ದ. ಹೆಣ್ಣು ಕೊಟ್ಟ ಮಾವನಿಗೆ ಏನು ಹೇಳುವುದು? ಮೇಲಾಗಿ ಅವರು ಮಾತಿಗೆ ಬಗ್ಗುವ ಆಸಾಮಿಯೂ ಅಲ್ಲ. ಬಡಾವಣೆಯ ಮಕ್ಕಳನ್ನು ಶಾಲೆಗೆ ಬಿಡುತ್ತ ಬಿಡುತ್ತಲೇ ತಲೆ ನರೆತವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು.

ದೂರು ಒಂದೇ. ಹೆಡ್‌ಲೈಟಿನೊಳಗೆ ಆವಿ ಕಟ್ಟುತ್ತದೆ, ಮುಂಜಾನೆಯ ಕತ್ತಲಲ್ಲಿ ದಾರಿ ಮಸುಕಾಗುತ್ತದೆ. ಮೊದಲ ಸಲ ಅದು ನಿಜವೇ ಆಗಿತ್ತು. ದೀಪದ ಹಿಂಬದಿಯಲ್ಲಿ ಗಾಳಿಯಾಡಲು ಇರುವ ಸಣ್ಣ ಕೊಳವೆಗೆ ಕೆಸರು ಮೆತ್ತಿ, ಒಳಗಿನ ತೇವಕ್ಕೆ ಹೊರಹೋಗಲು ಹಾದಿಯಿರಲಿಲ್ಲ. ಅಳಿಯ ಕೊಳವೆ ಬಿಡಿಸಿ, ಹೆಂಡತಿ ಕೂದಲು ಒಣಗಿಸುವ ಡ್ರೈಯರ್ ತಂದು ಬಿಸಿಗಾಳಿ ಹಾಯಿಸಿ ಒಣಗಿಸಿದ್ದ. ಎರಡನೇ ಸಲ ಹಿಂದಿನ ರಬ್ಬರ್ ಮುಚ್ಚಳವನ್ನೇ ಬದಲಿಸಿದ್ದ. ಈಗ ಮತ್ತೆ ಅದೇ ರಾಗ, ಅದೇ ಹಾಡು.

ಗಾಜಿನ ಅಂಚಿನ ಅಂಟೇ ಬಿಟ್ಟಿರಬೇಕೆಂದು ಈ ಸಲ ಎರಡೂ ದೀಪಗಳನ್ನು ಕಳಚಿದ. ಅಂಟನ್ನು ಕಾಯಿಸಿ ಮೆತ್ತಗಾಗಿಸಿ, ಮುಂದಿನ ಗಾಜು ಬಿಡಿಸಿ ಒಳಕೋಣೆಯಲ್ಲಿಟ್ಟ. ಉಳಿದ ಭಾಗವನ್ನು ಮೇಜಿನ ಮೇಲಿಟ್ಟು, ಬಲ್ಬು ಸರಿಯಿದೆಯೇ ನೋಡಲು ಬ್ಯಾಟರಿಗೆ ತಂತಿ ಸಿಕ್ಕಿಸಿ ಹೊತ್ತಿಸಿದ.

ಹೊರಗೆ ಚಹಾ ಕುಡಿದು ಬಂದ ಮಾವ ಬಗ್ಗಿ ನೋಡಿದರು.

“ಇನ್ನೂ ಹಾಗೇ ಇದೆಯಲ್ಲಪ್ಪಾ. ಗಾಜಿನ ತುಂಬ ಆವಿ.”

ಅಳಿಯ ಒಳಕೋಣೆಯ ಕಡೆ ತಿರುಗಿ ನೋಡಿದ; ಗಾಜು ಅಲ್ಲೇ ಇತ್ತು. ಅವನ ಮಗಳೂ ದಿನಾ ಅದೇ ವ್ಯಾನಿನಲ್ಲಿ ಹೋಗುತ್ತಿದ್ದಳು. ಹೇಳಿದರೆ ಮಾವನ ದುಡಿಮೆಯೇ ನಿಲ್ಲುತ್ತದೆ. ಹೇಳದಿದ್ದರೆ ಏನಾದೀತೆಂದು ಯೋಚಿಸುವ ಧೈರ್ಯವೂ ಬರಲಿಲ್ಲ.

“ಮಾವ, ಗಾಜು ಇನ್ನೂ ಹಾಕೇ ಇಲ್ಲ.”

ಮಾವ ಕೈಚಾಚಿದರು. ಬೆರಳು ನೇರ ಒಳಗೆ ಹೋಗಿ ಬಿಸಿ ಬಲ್ಬಿಗೆ ತಾಗಿತು. ಕೈ ಹಿಂದಕ್ಕೆಳೆದು ಸ್ಟೂಲಿನ ಮೇಲೆ ಕೂತುಬಿಟ್ಟರು. ವಾದಿಸಲಿಲ್ಲ. ಅಳಿಯನಿಗೆ ಅದನ್ನು ನೋಡಿಯೇ ಹೆಚ್ಚು ಸಂಕಟವಾಯಿತು.

ಆಮೇಲೆ ಮೆಲ್ಲಗೆ ಹೇಳಿದರು. ಕಣ್ಣಿನ ಡಾಕ್ಟರು ಹೋದ ತಿಂಗಳೇ ಪರೀಕ್ಷೆ ಮಾಡಿದ್ದರಂತೆ. ಪೊರೆಯಲ್ಲ, ನರವೇ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಅಂದಿದ್ದರಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

“ಗೊತ್ತಿದ್ದೂ ಮಕ್ಕಳನ್ನ ಕೂರಿಸ್ಕೊಂಡು ಹೋದ್ರಾ?” ಮದುವೆಯಾದಂದಿನಿಂದ ಮಾವನೆದುರು ಅಳಿಯನ ದನಿ ಏರಿದ್ದು ಅದೇ ಮೊದಲು.

“ದೀಪದ್ದೇ ದೋಷ ಆಗಿರ್ಲಿ ಅಂತ ನಿನ್ನ ಹತ್ರ ಬರ್ತಿದ್ದೆ. ರಿಪೇರಿ ಆಯ್ತು ಮಾವ ಅಂತ ನೀನು ಅಂದಾಗೆಲ್ಲ ನಂಬ್ತಿದ್ದೆ.”

ಅಳಿಯನ ಸಿಟ್ಟೇನೂ ಇಳಿದಿರಲಿಲ್ಲ; ಅದರ ಜೊತೆಗೇ ಅಳುವೂ ಬಂತು. ಗಾಜು ಕೂರಿಸಿ, ಅಂಟು ಒತ್ತಿ, ದೀಪಗಳನ್ನು ವ್ಯಾನಿಗೆ ಬಿಗಿದ.

ಹೊರಡುವಾಗ ಮಾವ ರೂಢಿಯಂತೆ ಸ್ಟೀರಿಂಗ್ ಕಡೆಯ ಬಾಗಿಲು ತೆಗೆದರು. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದು, ಅಳಿಯನಿಗೆ ದಾರಿ ಬಿಟ್ಟರು.

“ಬೆಳಿಗ್ಗೆ ಮೂಲೆಮನೆ ಹುಡುಗಿ ಬರೋದು ಸ್ವಲ್ಪ ತಡ. ಹಾರ್ನ್ ಹೊಡೀಬೇಡ, ಹೆದರ್ತಾಳೆ. ಕಾದಿದ್ದು ಕರ್ಕೊಂಡು ಹೋಗು,” ಅಂದರು.