ಭಂಡಾರ ಮುಟ್ಟಿದವನ ಮಣ್ಣು

ನನ್ನ ಮಗಳನ್ನು ಲಗಮಣ್ಣ ಕೊಂದ ಎಂದು ಊರವರು ಹೇಳುತ್ತಾರೆ. ಅದು ಅರ್ಧ ಮಾತು. ಉಳಿದರ್ಧ ನಾನು, ರೇವಪ್ಪ, ನೆಲದ ಮೇಲೆ ನಿಂತು ಮಾಳಿಗೆ ನೋಡಿದವನು.

ಮಗಳು ತಂಗೆವ್ವ ಚೊಚ್ಚಲ ಬಾಣಂತನಕ್ಕೆ ಬರಲು ಎಂಟು ದಿನವಿತ್ತು. ಮಳೆಗಾಲ ಹತ್ತಿರ ಬಂದಿತ್ತು. ಆಗ ಬಂದ ಈ ಲಗಮಣ್ಣ, ಮುಧೋಳ ಕಡೆಯವನಂತೆ, ಮಾಳಿಗೆಯ ಮಣ್ಣಿನ ಚಾವಣಿಗೆ ಹೊಸ ಮಣ್ಣು ಹಾಕುವವನು. ನಾನು ಹೂಂ ಅನ್ನುವ ಮೊದಲೇ ಏಣಿ ಹತ್ತಿದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯೊಳಗೆ ಮೇಲಿನಿಂದ ಅಂಗೈಯಗಲ ಬೆಳಕು ಬಿತ್ತು.

“ನೋಡ್ರಿ ಕಾಕಾ, ತೂತ ಬಿದ್ದೈತಿ. ಮಣ್ಣ ಸತ್ತೈತಿ. ಹಳೇದು ತಗದು ಹೊಸಾ ಸವಳ ಮಣ್ಣ ಹಾಕಬೇಕು. ಮುಂಬೈ ರಾಜ್ಯ ಪೂರಾ ತಿರಗಿದ್ರೂ ನನ್ನಂಥಾ ಮಣ್ಣ ಸಿಗಂಗಿಲ್ಲ.”

ಅವನು ಹತ್ತುವ ಮೊದಲು ಅಲ್ಲಿ ತೂತಿರಲಿಲ್ಲ. ಆ ಒಲೆಯ ಮುಂದೆ ಮೂವತ್ತು ವರ್ಷ ಕೂತು ಉಂಡವನಿಗೆ ಅಷ್ಟೂ ಹೊಳೆಯಲಿಲ್ಲ.

ನಾನೂ ಏಣಿಗೆ ಕಾಲಿಟ್ಟೆ. ಲಗಮಣ್ಣ ಸೊಂಟದ ಚೀಲ ಬಿಚ್ಚಿ, ಬೀರೇಶ್ವರನ ಗುಡಿಯ ಅರಿಷಿಣ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡ.

“ಬೀರಪ್ಪನ ಭಂಡಾರ ಮುಟ್ಟಿ ಹೇಳತೇನ್ರಿ, ಸವಳ ಬಿಟ್ಟು ಬ್ಯಾರೆ ಹಾಕಂಗಿಲ್ಲ.”

ಕಾಲು ಹಿಂದೆ ತೆಗೆದೆ. ಭಂಡಾರ ಮುಟ್ಟಿದವನನ್ನು ನಮ್ಮವರು ಪರೀಕ್ಷೆ ಮಾಡುವುದಿಲ್ಲ. ಮಾಡಿದರೆ ದೇವರನ್ನೇ ಅನುಮಾನಿಸಿದ ಹಾಗೆ.

ಮೂರು ದಿನ ಕೆಲಸ ನಡೆಯಿತು. ನಾನು ಬಿತ್ತನೆಗೆ ನೆಲ ಹದ ಮಾಡುತ್ತ ಹೊಲದಲ್ಲಿದ್ದೆ. ಮುಗಿದ ಸಂಜೆ ಹೆಂಡತಿ ಸೋಮವ್ವ ಹೇಳಿದಳು, “ಒಮ್ಮೆ ಹತ್ತಿ ನೋಡ್ರಿ. ಚಕ್ಕಡ್ಯಾಗ ತಂದ ಮಣ್ಣ ಕರ್ರಗ ಕಂಡಿತು.”

“ಸುಮ್ಕಿರ! ಭಂಡಾರ ಮುಟ್ಯಾನ ಅಂವಾ. ನಿನ್ನ ಬಾಯಾಗ ಹುಳಾ ಬೀಳಲಿ,” ಅಂದೆ.

ಸವಳು ಮಣ್ಣು ಮಳೆ ನೀರನ್ನು ಜಾರಿಸಿಬಿಡುತ್ತದೆ. ಹೊಲದ ಕರಿ ಎರೆ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಹುಟ್ಟಿದಾಗಿನಿಂದ ಎರೆಯಲ್ಲೇ ಉತ್ತು ಬಿತ್ತಿದವನು ನಾನು, ನನ್ನ ತಲೆಯ ಮೇಲಿನ ಮಣ್ಣು ಯಾವುದೆಂದು ನೋಡಲಿಲ್ಲ.

ತಂಗೆವ್ವ ಬಂದ ಐದನೆಯ ದಿನ ಮಳೆ ಹಿಡಿಯಿತು, ಎರಡು ದಿನ ಬಿಡಲಿಲ್ಲ. ಮೂರನೆಯ ದಿನ ಮುಂಜಾನೆ ನಾನೂ ಸೋಮವ್ವನೂ ಹಿತ್ತಲಲ್ಲಿ ದನ ನೋಡುತ್ತಿದ್ದೆವು. ಮಗಳು ಒಳಗೆ ಮಲಗಿದ್ದಳು. ಮಾಳಿಗೆ ಕುಸಿಯಿತು.

ಓಣಿಯವರೆಲ್ಲ ಕೈಯಿಂದಲೇ ತೋಡಿದರು. ಕುಸಿಯದೆ ಉಳಿದ ಅಂಚಿನಲ್ಲಿ ಕಂಡದ್ದು, ಮೇಲೆ ಬೆರಳಷ್ಟು ಸವಳು, ಕೆಳಗೆ ಗೇಣುದ್ದ ಎರೆ. ಮೊದಲು ಅವಳ ಕೈ ಸಿಕ್ಕಿತು, ಇನ್ನೂ ಬೆಚ್ಚಗಿತ್ತು. ಹೊಟ್ಟೆಯ ಕೂಸೂ ಉಳಿಯಲಿಲ್ಲ. ಸೋಮವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ಮಗಳ ದಿನಕರ್ಮ ಮುಗಿದ ಮೇಲೆ ಲಗಮಣ್ಣ ಅನಗವಾಡಿಯಲ್ಲಿದ್ದಾನೆಂದು ತಿಳಿದು ಕುಡಗೋಲು ಹಿಡಿದು ಹೋದೆ. ಹಿಂದಿನ ದಿನವೇ ಅವನು ಕೃಷ್ಣೆ ದಾಟಿದ್ದ. ಹಣಮಂತ ಎಂಬ ರೈತನ ಮಾಳಿಗೆಗೆ ಹೊಸ ಮಣ್ಣು ಹಾಕಿ ಹೋಗಿದ್ದ. ಅದರಡಿ ಹಣಮಂತನ ಹೆಂಡತಿ ಕೂಸಿಗೆ ಹಾಲೂಡಿಸುತ್ತಿದ್ದಳು.

“ಅವರನ್ನ ಹೊರಗ ಕರ್ಕೊಂಡ ಬಾರೋ ತಮ್ಮಾ,” ಎಂದು ಹಣಮಂತನಿಗೆ ಅಂದೆ.

“ಯಾಕ್ರಿ? ಅಂವಾ ಭಂಡಾರ ಮುಟ್ಟಿ ಹಾಕ್ಯಾನ್ರಿ!”

ನಾನು ಏಣಿ ಹತ್ತಿದೆ. ಅವನು ಧೋತರ ಹಿಡಿದು ಎಳೆದ, ದೇವರ ಆಣೆ ಹಾಕಿದ. ಮೇಲಿನ ಪದರ ಕೆರೆದು, ಕೆಳಗಿನ ಎರೆ ಒಂದು ಹಿಡಿ ತಂದು ಅವನ ಕೈಗೆ ಹಾಕಿದೆ. ಬೆರಳಿನಿಂದ ತಿಕ್ಕಿ ನೋಡಿದವನೇ ಒಳಗೆ ಓಡಿದ. ಹೆಂಡತಿಯನ್ನೂ ಕೂಸನ್ನೂ ಅಂಗಳಕ್ಕೆ ಕರೆತಂದ.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಹತ್ತಿ, ಕೆರೆದು ನೋಡಿ, ಇಳಿಯಲು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿದಿರಲಿಲ್ಲ.