ಬೂದಿಯ ಮೇಲಿನ ಕೆಂಪು ಹೆಜ್ಜೆ

ಲಿನ್‌ಹೆ ಪಟ್ಟಣದ ಕಚೇರಿಯಲ್ಲಿ ಹೆಂಗಸರ ಬಂದೀಖಾನೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ದಿಕ್ಕಿಲ್ಲದ ಹೆಣ್ಣುಗಳಿಗೆ ಗಂಡು ಹುಡುಕುವುದೂ ನನ್ನ ಕೆಲಸ, ತಪ್ಪು ಮಾಡಿದ ಹೆಣ್ಣುಗಳನ್ನು ಕಾಯುವುದೂ ನನ್ನ ಕೆಲಸ. ಎರಡನ್ನೂ ಒಬ್ಬಳೇ ಮಾಡಲಿ ಎಂದು ಯಾವ ಮಹಾನುಭಾವ ಬರೆದಿಟ್ಟನೋ ಕಾಣೆ. ಊರವರು ಎದುರಿಗೆ ಯಾನ್ ಚಿಕ್ಕಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೆ ಎಂಬುದೂ ನನಗೆ ಗೊತ್ತು. ಕೋಳಿ ಕದ್ದವಳಿಂದ ಹಿಡಿದು ಗಂಡನ ತಲೆ ಒಡೆದವಳವರೆಗೆ ಎಲ್ಲರನ್ನೂ ಕಾದಿದ್ದೇನೆ. ನರಿಯನ್ನು ಕಾದಿದ್ದು ಒಂದೇ ಸಲ.

ಅವಳನ್ನು ಎಳೆತಂದಾಗ ನಡು ಮಧ್ಯಾಹ್ನ. ಹೆಸರು ಸೂಹೆ, ಶಾವಿಗೆ ಮಾಡುವ ಗೆಂಗ್ ಮನೆಯ ಸೊಸೆ. ಇಪ್ಪತ್ತೈದರ ಹೆಣ್ಣು, ಕೆದರಿದ ತಲೆ, ಕೈಗೆ ದೆವ್ವ ಕಟ್ಟುವ ಪೀಚ್ ಮರದ ನಾರಿನ ಹಗ್ಗ. ಹಿಂದೆ ಅರ್ಧ ಊರು. ಮುಂದೆ ಅವಳ ಅತ್ತೆ, ಗೆಂಗಮ್ಮ, ಎದೆ ಬಡಿದುಕೊಂಡು ಬರುತ್ತಿದ್ದಳು.

"ನನ್ನ ಮಗನ್ನ ತಿಂದ್ಬಿಟ್ಲು! ಇದ್ದೊಬ್ಬ ಮಗನ್ನ ನುಂಗಿ ನೀರು ಕುಡಿದ್ಲು!"

ಸಂಗತಿ ಹೀಗಿತ್ತು. ಗೆಂಗಮ್ಮನ ಮಗ ರುಯಿ ನಾಲ್ಕು ದಿನದಿಂದ ಕಾಣುತ್ತಿರಲಿಲ್ಲ. ಸೊಸೆಯ ಮೇಲೆ ಮೊದಲೇ ಅನುಮಾನವಿದ್ದ ಗೆಂಗಮ್ಮ, ಅವಳ ಕೋಣೆಯ ಹೊಸ್ತಿಲಿನಿಂದ ಮಂಚದವರೆಗೆ ಒಲೆಯ ಬೂದಿ ಹರಡಿದ್ದಳಂತೆ. ಬೆಳಗ್ಗೆ ನೋಡಿದರೆ ಬೂದಿಯ ತುಂಬ ಪಂಜದ ಗುರುತು. ಹೊಸ್ತಿಲಿನಿಂದ ಒಳಕ್ಕೆ ಹೋಗಿತ್ತು, ಹೊರಕ್ಕೆ ಬಂದಿರಲಿಲ್ಲ. ಅಕ್ಕಪಕ್ಕದವರೆಲ್ಲ ಬಂದು ಮೊಣಕಾಲೂರಿ ಹಣೆ ನೆಲಕ್ಕೆ ಹಚ್ಚಿದರು. ನಮ್ಮಲ್ಲಿ ಹೆಣ್ಣಿನ ರೂಪ ತಾಳುವ ಆ ನರಿ ಜಾತಿಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ಹೂ ಮನೆಯವರು' ಎನ್ನುತ್ತಾರೆ. ಅವರ ಹೆಜ್ಜೆ ಕಂಡರೆ ಕಣ್ಣು ತಗ್ಗಿಸಬೇಕು, ದಿಟ್ಟಿಸಿ ನೋಡಬಾರದು. ನೋಡಿದವರ ಮನೆಗೆ ಕೇಡು.

ನ್ಯಾಯಾಧಿಪತಿ ಫಾಂಗ್ ಆ ವರ್ಷವಷ್ಟೇ ದಕ್ಷಿಣದಿಂದ ಬಂದಿದ್ದರು. ಓದಿದವರು, ಒಳ್ಳೆಯವರು, ಆದರೆ ಅಂಗಳದ ತುಂಬ ಜನ ಕಂಡರೆ ಗಂಟಲು ಒಣಗುತ್ತಿತ್ತು. ಗೆಂಗಮ್ಮ ಕೇಳಿದ್ದು ಒಂದೇ ಮಾತು: ಸೊಸೆಯನ್ನು ಪೂಜಾರಿಯ ಕೈಗೆ ಕೊಡಿ. ಅವನು ಅವಳನ್ನು ಕೋಣೆಯಲ್ಲಿ ಕೂಡಿ, ದೇವದಾರು ಎಲೆ ಮತ್ತು ಮೆಣಸಿನಕಾಯಿಯ ಹೊಗೆ ಹಾಕಿ, ನಿಜರೂಪ ಹೊರಡಿಸುತ್ತಾನೆ. ಪಕ್ಕದ ಸೀಮೆಯಲ್ಲಿ ಹೋದ ವರ್ಷ ಹೀಗೆಯೇ ಒಬ್ಬಳಿಗೆ ಹೊಗೆ ಹಾಕಿದ್ದರು. ಬಾಗಿಲು ತೆಗೆದಾಗ ಒಳಗೆ ನರಿಯಿರಲಿಲ್ಲ, ಹೆಣವಿತ್ತು.

"ಮೂರು ದಿನ," ಎಂದರು ಫಾಂಗ್. "ಅಷ್ಟರಲ್ಲಿ ಗಂಡ ಸಿಕ್ಕರೆ ಸರಿ. ಸಿಗದಿದ್ದರೆ ಪೂಜಾರಿ ಬರಲಿ."

ಹೆಂಗಸನ್ನು ಕೊಂದರೆ ಕೇಳುವವರಿದ್ದಾರೆ, ನರಿಯನ್ನು ಕೊಂದರೆ ಯಾರು ಕೇಳುತ್ತಾರೆ?

ಬಂದೀಖಾನೆಯ ಮೂಲೆಯಲ್ಲಿ ಸೂಹೆ ಮುದುರಿ ಕೂತಳು. ನಾನು ಬಿಸಿ ಗಂಜಿ ತಂದಿಟ್ಟೆ. ಅವಳು ಮುಟ್ಟಲಿಲ್ಲ. ಕಚೇರಿಯ ಕಾವಲುಗಾರರು, ಆ ಪೋಲಿಗಳು, ಕಿಟಕಿಯಿಂದ ಕೋಳಿಯ ಕಾಲೊಂದನ್ನು ಎಸೆದರು.

"ತಿನ್ನು ತಾಯಿ, ನಿಮ್ಮ ಹೂ ಮನೆ ಊಟ!"

"ತಿಂದ್ರೆ ನರಿ ಕಣೋ."

"ತಿನ್ನದಿದ್ರೆ ಕಳ್ಳ ನರಿ ಕಣೋ!"

ನಾನು ಪೊರಕೆ ಹಿಡಿದು ಅವರನ್ನು ಅಟ್ಟಿಸಿಕೊಂಡು ಹೋದೆ. ಒಬ್ಬನ ಬೆನ್ನಿಗೆ ಚೆನ್ನಾಗಿಯೇ ಬಿತ್ತು. ತಿರುಗಿ ಬಂದು ಹೇಳಿದೆ, "ಈಗ ಯಾರೂ ಇಲ್ಲ ಕಣಮ್ಮ, ಗಂಜಿ ಕುಡಿ."

"ಬೇಡ ಚಿಕ್ಕಮ್ಮ. ಬೇಗ ಕುಡಿದ್ರೆ ನೆಕ್ಕಿದ್ಲು ಅಂತಾರೆ, ನಿಧಾನ ಕುಡಿದ್ರೆ ಮೂಸಿದ್ಲು ಅಂತಾರೆ. ನಾನು ಬಾಯಿ ತೆಗೆದ್ರೆ ಹಲ್ಲು ನೋಡ್ತಾರೆ." ಅವಳ ಕಣ್ಣಲ್ಲಿ ನೀರಿರಲಿಲ್ಲ, ಸುಸ್ತಿತ್ತು. "ನದಿ ನೆರೇಲಿ ನಮ್ಮೂರೇ ಹೋಯ್ತು. ತವರು ಅಂತ ಒಂದು ಕಲ್ಲೂ ಉಳಿದಿಲ್ಲ. ಮಾವನವರು ತೀರಿಕೊಂಡಾಗ ಮೂರು ವರ್ಷ ಗೋಣಿ ಬಟ್ಟೆ ಉಟ್ಟು ಸೂತಕ ಹಿಡಿದೆ. ಹೋದ ಚಳಿಗಾಲದಲ್ಲಿ ತಾನೇ ಮುಗೀತು. ಇನ್ನೇನು ಮಾಡ್ಬೇಕಿತ್ತು ನಾನು?"

ಈ ಮಾತು ಕೇಳಿ ನನ್ನದೇ ಒಂದು ಮಾತು ನೆನಪಾಯಿತು. ವಸಂತದಲ್ಲಿ ಗೆಂಗಮ್ಮ ನನ್ನ ಹತ್ತಿರ ಬಂದಿದ್ದಳು, ಎಳ್ಳಿನ ರೊಟ್ಟಿ ತಂದಿದ್ದಳು. ಮದುವೆಯಾಗಿ ಆರು ವರ್ಷವಾದರೂ ಮೊಮ್ಮಗನಿಲ್ಲ. ತಮ್ಮನ ಮಗಳು ಬೆಳೆದು ನಿಂತಿದ್ದಾಳೆ, ಆದರೆ ತಮ್ಮ ಅವಳನ್ನು ಎರಡನೆಯವಳಾಗಿ ಕೊಡಲೊಲ್ಲ. ಈ ಸೊಸೆಯನ್ನು ಬಿಡಿಸಬಹುದೇ ಎಂದು ಕೇಳಿದ್ದಳು. ಆಗುವುದಿಲ್ಲ ಎಂದೆ. ತವರಿಲ್ಲದವಳನ್ನು ಬಿಡುವಂತಿಲ್ಲ, ಮಾವನ ಸೂತಕವನ್ನು ಮೂರು ವರ್ಷ ಹಿಡಿದವಳನ್ನು ಬಿಡುವಂತಿಲ್ಲ. ನಿನ್ನ ಸೊಸೆಗೆ ಎರಡೂ ಇದೆ. ಅಲ್ಲಿಗೆ ಸುಮ್ಮನಿರಬಾರದೇ ನಾನು? ನಾಲಿಗೆಗೆ ಎಲುಬಿಲ್ಲ. "ಅವಳು ಮನುಷ್ಯಳಾಗಿರೋವರೆಗೆ ಯಾವ ಕಾನೂನೂ ನಿನ್ನ ಕಡೆ ಇಲ್ಲ ಗೆಂಗಮ್ಮ" ಎಂದು ನಕ್ಕಿದ್ದೆ. ಅವಳೂ ನಕ್ಕಿದ್ದಳು. ದಾರಿ ತೋರಿಸಿದವಳು ನಾನೇ. ಆ ಹೆಣ್ಣು ಹೊಗೆಯಲ್ಲಿ ಸತ್ತರೆ ಅದರಲ್ಲಿ ನನ್ನ ಕೈಯೂ ಇರುತ್ತದೆ.

ಮರುದಿನ ಬೆಳಗ್ಗೆ ಸೂಹೆಯ ಬಟ್ಟೆ ತರುವ ನೆಪ ಮಾಡಿ ಗೆಂಗ್ ಮನೆಗೆ ಹೋದೆ. ಬೂದಿಯ ಮೇಲೆ ಬುಟ್ಟಿಗಳನ್ನು ಕವುಚಿ, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು.

"ನೋಡ್ಬೇಡ ಕಣೇ ಯಾನ್," ಎಂದಳು ಗೆಂಗಮ್ಮ. "ಕೇಡು."

"ನನ್ನ ಕಣ್ಣಿಗೆ ಇನ್ನೇನು ಕೇಡು ಬರೋದಿದೆ, ಅರ್ಧ ಹೋಗಿದೆ," ಎಂದು ಬುಟ್ಟಿ ಎತ್ತಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಆ ಓಣಿಯಲ್ಲಿ ಪ್ರಮಾಣಿಸುವುದಿರಲಿ, ಪ್ರತ್ಯಕ್ಷ ನೋಡಿದವರೂ ಇರಲಿಲ್ಲ. ಪ್ರತಿ ಗುರುತಿನಲ್ಲೂ ನಾಲ್ಕು ಚುಕ್ಕಿಗಳು, ನಾಲ್ಕೂ ಒಂದೇ ಅಳತೆ. ನಾಯಿಯಾಗಲಿ ನರಿಯಾಗಲಿ ಅಂಗಾಲಿಲ್ಲದೆ ನಡೆಯುತ್ತದೆಯೇ? ಇಲ್ಲಿ ಬೆರಳಿದ್ದವು, ಅಂಗಾಲೇ ಇರಲಿಲ್ಲ. ಇನ್ನಷ್ಟು ಬಗ್ಗಿದೆ. ಬೂದಿಯ ಗುಳಿಗಳ ತಳದಲ್ಲಿ ತಿಳಿ ಕೆಂಪು.

ನನ್ನ ಅಪ್ಪ ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ ಮಾರುತ್ತಿದ್ದ. ಹಬ್ಬದ ಉಂಡೆಯ ನೆತ್ತಿಗೆ ಕೆಂಪು ಹೂ ಒತ್ತುವುದು ಮಕ್ಕಳ ಕೆಲಸ. ಊಟದ ಕಡ್ಡಿಯ ತುದಿಯನ್ನು ನಾಲ್ಕಾಗಿ ಸೀಳಿ, ಸೀಳು ಬಿಡಿಸಿ ನಿಲ್ಲುವ ಹಾಗೆ ಚೂರು ಕಡ್ಡಿ ಸಿಗಿಸಿ, ಬಣ್ಣದಲ್ಲಿ ಅದ್ದಿ ಒತ್ತಿದರೆ ನಾಲ್ಕು ಎಸಳಿನ ಹೂವು. ಸಾವಿರಗಟ್ಟಲೆ ಒತ್ತಿದ್ದೇನೆ ನಾನು. ಅಡಿಗೆಮನೆಯ ಗೂಡಿನಲ್ಲಿ ಗೆಂಗ್ ಮನೆಯ ಅಂಥದೇ ಸೀಳು ಕಡ್ಡಿಯೂ ಇತ್ತು. ತುದಿಗೆ ಬೂದಿ ಮೆತ್ತಿತ್ತು.

ಕೂಗಿ ಊರು ಸೇರಿಸೋಣ ಎನಿಸಿತು. ಆದರೆ ನಾಲಿಗೆ ಕಚ್ಚಿಕೊಂಡೆ, ಒಂದು ಸಲವಾದರೂ. ಕಡ್ಡಿ ತೋರಿಸಿದರೆ ಗೆಂಗಮ್ಮ, ಅದನ್ನೂ ಆ ನರಿಯೇ ಮಾಡಿದ್ದು ಎನ್ನುತ್ತಾಳೆ. ಗಂಡ ಸಿಗಬೇಕು. ಹೊರಡುವಾಗ ಮನೆಯಲ್ಲೆಲ್ಲ ಒಂದು ಸಲ ಕಣ್ಣಾಡಿಸಿದೆ. ಮಗ ಸತ್ತ ಮನೆಯಲ್ಲಿ ಬಾಗಿಲಿಗೆ ಸೂತಕದ ಒಂದು ಬಿಳಿ ಚಿಂದಿ ಇರಲಿಲ್ಲ. ಅವನ ಹೆಸರಿಗೆ ಒಂದು ತುತ್ತು ಎಡೆ ಇಟ್ಟಿರಲಿಲ್ಲ. ಮಂಚದ ಮೇಲೆ ಗಂಡಸಿನ ಚಳಿಗಾಲದ ಅಂಗಿಯಿತ್ತು. ಅದಕ್ಕೆ ಗೆಂಗಮ್ಮ ಹೊಸ ಹತ್ತಿ ತುಂಬಿ ಹೊಲಿಯುತ್ತಿದ್ದಳು.

ಸಂಜೆ ಫಾಂಗ್ ಅವರಿಗೆ ಎಲ್ಲ ಹೇಳಿದೆ, ಎಳ್ಳಿನ ರೊಟ್ಟಿಯನ್ನೂ ಬಿಡದೆ.

"ಮುದುಕಿಗೆ ಬೆರಳು ಹಿಂಡೋ ಶಿಕ್ಷೆ ಕೊಟ್ಟರೆ ಬಾಯಿ ಬಿಡ್ತಾಳಾ?" ಎಂದು ಕೇಳಿದರು.

"ಅವಳು ಬೆರಳು ಕೊಡ್ತಾಳೆ ಸ್ವಾಮಿ, ಮಾತು ಕೊಡಲ್ಲ. ಬೇರೆ ಒಂದು ದಾರಿ ಇದೆ. ಒಂದು ಬಟ್ಟಲು ನವಣೆ ಅನ್ನ ಸಾಕು."

"ಅವಳು ಹೆದರದಿದ್ದರೆ?"

ಸೂಹೆಗೆ ಇದೇನೂ ಹೇಳಲಿಲ್ಲ. ಅವಳ ಮುಖದಲ್ಲಿ ಧೈರ್ಯ ಕಂಡರೆ ಅತ್ತೆಗೆ ವಾಸನೆ ಹತ್ತುತ್ತದೆ.

ಮೂರನೆಯ ದಿನ ಬೆಳಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜಾರಿ ದೇವದಾರಿನ ಹೊರೆ ತಂದು ಮೂಲೆಯಲ್ಲಿ ಇಳಿಸಿದ್ದ. ಸೂಹೆ ಅದನ್ನೇ ನೋಡುತ್ತ ಮೊಣಕಾಲೂರಿದ್ದಳು. ಮೂರು ದಿನದಿಂದ ನೀರು ಬಿಟ್ಟು ಏನೂ ಇಳಿಯದ ಮೈ ಗಾಳಿಗೆ ಓಲಾಡುವಂತಿತ್ತು.

"ಗೆಂಗಮ್ಮ," ಎಂದರು ಫಾಂಗ್, "ನರಿ ನಿನ್ನ ಮಗನನ್ನು ತಿಂದಿದೆ ಅಂತೀಯ?"

"ಹೌದು ದೊರೆ, ತಿಂದಿದೆ."

"ಹಾಗಾದರೆ ಮಗ ಸತ್ತ. ಸತ್ತವನಿಗೆ ಎಡೆ ಇಡದೆ ಅವನ ಕೊಲೆಗೆ ಸೇಡು ತೀರಿಸೋದು ಧರ್ಮವಲ್ಲ. ಇಲ್ಲೇ ಇಡು. ಹೆಸರು ಹಿಡಿದು ಕರೆ. ಆಮೇಲೆ ಇವಳನ್ನು ಪೂಜಾರಿ ಕೈಗೆ ಕೊಡ್ತೀನಿ."

ನಾನು ಬಟ್ಟಲನ್ನು ಅವಳ ಮುಂದಿಟ್ಟೆ. ಗೋಪುರದ ಹಾಗೆ ತುಂಬಿದ ಬಿಸಿ ಅನ್ನ, ಪಕ್ಕದಲ್ಲಿ ಎರಡು ಊಟದ ಕಡ್ಡಿ. ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ನೆಡುವುದು ಸತ್ತವರಿಗೆ ಮಾತ್ರ. ಮಗು ಆಟಕ್ಕೆ ನೆಟ್ಟರೂ ನಮ್ಮಲ್ಲಿ ಕೈ ಮೇಲೆ ಏಟು ಬೀಳುತ್ತದೆ.

"ಮನೇಲಿ ಇಡ್ತೀನಿ ದೊರೆ..."

"ಇಲ್ಲೇ."

"ಇಡಮ್ಮ, ಏನಂತೆ!" ಎಂದು ಜನರಲ್ಲಿ ಯಾರೋ ಕೂಗಿದರು. "ಹಸಿದಿರ್ತಾನೆ ಪಾಪ!"

ಗೆಂಗಮ್ಮ ಕಡ್ಡಿ ಎತ್ತಿಕೊಂಡಳು. ತುಟಿ ಬಿಗಿದಿತ್ತು. ಕಡ್ಡಿಯ ತುದಿ ಅನ್ನದ ಮೇಲೆ ಬಂದು ನಿಂತಿತು. ಹೆದರಿದೆ, ಸುಳ್ಳೇಕೆ ಹೇಳಲಿ. ಹಟದ ಹೆಂಗಸು, ಚುಚ್ಚಿಬಿಟ್ಟರೆ? ತುದಿ ಅನ್ನಕ್ಕೆ ತಾಗಿತು.

"ಕರೆ," ಎಂದರು ಫಾಂಗ್. "'ಮಗನೇ ರುಯಿ, ನೀನು ಸತ್ತೆ, ಬಂದು ಉಣ್ಣು' ಅನ್ನು."

"ಮಗನೇ..." ಎಂದಳು. "ರುಯಿ, ನೀನು..."

ಕಡ್ಡಿ ಹಿಡಿದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಕಡ್ಡಿಗಳು ಕಲ್ಲುಹಾಸಿನ ಮೇಲೆ ಬಿದ್ದು ಉರುಳಿದವು.

"ಬಿಡ್ತು ಅನ್ನಿ! ದೊರೆ, ಬಿಡ್ತು ಅನ್ನಿ! ಆ ಮಾತು ವಾಪಸ್ ತಗೊಳ್ಳಿ! ನನ್ನ ಮಗ ಚೆನ್ನಾಗಿದಾನೆ, ತಮ್ಮನ ಮನೇಲಿದಾನೆ, ದಿನಾ ಎರಡು ಹೊತ್ತು ಉಣ್ತಿದಾನೆ! ಬದುಕಿರೋ ಮಗನಿಗೆ ಯಾವ ತಾಯಿ ಎಡೆ ಇಡ್ತಾಳೆ? ಬಿಡ್ತು ಅನ್ನಿ!"

ಪೂಜಾರಿ ಯಾರೂ ಹೇಳದೆಯೇ ದೇವದಾರಿನ ಹೊರೆಯನ್ನು ಹೆಗಲಿಗೇರಿಸಿ ಜಾಗ ಖಾಲಿಮಾಡಿದ.

ಆಮೇಲಿನದು ಸುಲಭ. ಕುದುರೆ ಸವಾರ ಎರಡು ಹರದಾರಿ ದೂರದ ಹಳ್ಳಿಯಿಂದ ಮಧ್ಯಾಹ್ನದೊಳಗೆ ರುಯಿಯನ್ನು ಕರೆತಂದ. ಸೋದರಮಾವನಿಗೆ ಹುಷಾರಿಲ್ಲ, ಹೋಗಿ ನೋಡಿಕೋ ಎಂದು ತಾಯಿ ಮನೆಗೂ ಬರಗೊಡದೆ ಪೇಟೆಯಿಂದಲೇ ಕಳಿಸಿದ್ದಳಂತೆ. ಹೆಂಡತಿ ಮಗುವಿಗಾಗಿ ಬೆಟ್ಟದ ದೇವಿಗೆ ಹರಕೆ ಹೊತ್ತು ಹೋಗಿದ್ದಾಳೆ ಎಂದಿದ್ದಳಂತೆ. ಆ ದಡ್ಡ ಎರಡನ್ನೂ ನಂಬಿದ್ದ.

"ಮಾವ ಹುಷಾರಾಗೇ ಇದ್ದ ಅಲ್ವೇನಯ್ಯಾ?" ಎಂದೆ.

"ನಾನು ಹೋದಮೇಲೆ ವಾಸಿಯಾಯ್ತು ಅಂದ್ರು ಚಿಕ್ಕಮ್ಮ."

ಫಾಂಗ್ ಸೂಹೆಯ ಕಡೆ ತಿರುಗಿದರು. ಈಗ ಅವರ ಗಂಟಲು ಒಣಗಿರಲಿಲ್ಲ. "ನಿನ್ನ ಜೀವ ತೆಗೆಯಲು ಹೊರಟ ಮನೆ ಇದು. ಬಿಟ್ಟು ಹೋಗ್ತೀನಿ ಅಂದರೆ ಕಾನೂನು ನಿನ್ನ ಕಡೆ. ಯಾನ್ ಬೇರೆ ಮನೆ ನೋಡ್ತಾಳೆ. ಹೇಳಮ್ಮ, ಏನು ಮಾಡ್ತೀಯ?"

ಎಲ್ಲರೂ ಕತ್ತು ಚಾಚಿದರು. ರುಯಿ ಮೊಣಕಾಲ ಮೇಲೆ ಕೂತು ಅಳುತ್ತಿದ್ದ. ಗೆಂಗಮ್ಮ ನೆಲ ನೋಡುತ್ತಿದ್ದಳು. ಸೂಹೆ ಯಾರನ್ನೂ ನೋಡಲಿಲ್ಲ. ಅವಳ ಕಣ್ಣು ಆ ಬಟ್ಟಲಿನ ಮೇಲಿತ್ತು. ಬೆಳಗಿನಿಂದ ಅಲ್ಲೇ ಆರಿ ಕೂತಿದ್ದ ಅನ್ನ.

"ಮೊದಲು ಊಟ ಮಾಡ್ತೀನಿ ದೊರೆ," ಎಂದಳು.

ಬಟ್ಟಲನ್ನು ಎಳೆದುಕೊಂಡಳು. ಬಿದ್ದಿದ್ದ ಕಡ್ಡಿಗಳನ್ನು ಹೆಕ್ಕಿ ತೋಳಿಗೆ ಒರೆಸಿದಳು. ಸತ್ತವನಿಗೆಂದು ಬೇಯಿಸಿದ ಅನ್ನವನ್ನು ಅರ್ಧ ಊರಿನ ಎದುರು ಬಾಯ್ತುಂಬ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಹಲ್ಲು ಕಾಣುವ ಹಾಗೆ ಅಗಿದಳು. ಯಾರೂ ಹಲ್ಲು ಎಣಿಸಲಿಲ್ಲ. ನಾನು ಉಪ್ಪಿನಕಾಯಿ ತರಲು ಓಡಿದೆ.

ಕೊನೆಗೆ ಅವಳು ಗಂಡನನ್ನು ಉಳಿಸಿಕೊಂಡಳು, ಮನೆಯನ್ನಲ್ಲ. ಇಬ್ಬರೂ ಈಗ ಪೇಟೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿ ಶಾವಿಗೆ ಮಾರುತ್ತಾರೆ. ಗೆಂಗಮ್ಮನಿಗೆ ಫಾಂಗ್ ವಿಧಿಸಿದ ಶಿಕ್ಷೆ ಊರಿಗೆಲ್ಲ ನಗು ತರಿಸಿತು: ಒಂದು ವರ್ಷ, ಪ್ರತಿ ಅಮಾವಾಸ್ಯೆ ಹುಣ್ಣಿಮೆಗೆ, ಕಚೇರಿಯ ಹಿತ್ತಲಲ್ಲಿರುವ ಹೂ ಮನೆಯವರ ಗುಡಿಗೆ ಬೇಯಿಸಿದ ಮೊಟ್ಟೆ ತಂದಿಟ್ಟು, ನಿಮ್ಮ ಹೆಸರು ಕೆಡಿಸಿದೆ, ತಪ್ಪಾಯಿತು ಎನ್ನಬೇಕು. ನನಗದು ನ್ಯಾಯವೆಂದೇ ಕಂಡಿತು. ಆ ಜಾತಿ ಇಲ್ಲವೆಂದು ನಾನೆಂದೂ ಹೇಳಿಲ್ಲ.

ಅವಳ ಮೊದಲ ಮೊಟ್ಟೆಯ ಪಕ್ಕದಲ್ಲಿ ನನ್ನದೂ ಒಂದಿಟ್ಟೆ. ನನ್ನ ನಾಲಿಗೆಯದೂ ಒಂದು ತಪ್ಪಿತ್ತಲ್ಲ.