ಲ್ಯಾಪ್‌ಟಾಪಿಗೆ ಹಾಸಿದ ಕೌದಿ

ಹಿನಾಕೌಸರ ಮದುವೆಯಾಗಿ ಹೂಲಿಯಿಂದ ಬೈಲಹೊಂಗಲಕ್ಕೆ ಬಂದ ವರ್ಷವೇ ಗಂಡ ತೌಸೀಫ್‌ನ ಟೆಂಪೋದ ಎಂಜಿನ್ ಸೀಜ್ ಆಗಿ ಕೆಟ್ಟು ನಿಂತಿತು. ಅದರ ಬೆನ್ನಿಗೇ ಹಿತ್ತಲಿನ ಎಮ್ಮೆ ಬತ್ತಿತು. ಟೆಂಪೋ ಅವನ ಅಪ್ಪನ ಕಾಲದ್ದು, ಎಮ್ಮೆಗೆ ಹಲ್ಲು ಸವೆದಿದ್ದವು. ಆದರೆ ಈ ಲೆಕ್ಕ ಯಾರಿಗೆ ಬೇಕು? ಹಳೆಯ ಟೆಂಪೋ, ಮುದಿ ಎಮ್ಮೆಗಳ ಸುದ್ದಿಗಿಂತ ಹೊಸ ಸೊಸೆಯ ಸುದ್ದಿಗೆ ರುಚಿ ಹೆಚ್ಚು. ಹೀಗೆ ಓಣಿಯ ಯಾವುದೋ ಕಟ್ಟೆಯ ಮೇಲೆ 'ಕಾಲ್ಗುಣ' ಎಂಬ ಮಾತು ಹುಟ್ಟಿತು. ಹೊತ್ತುಕೊಂಡು ಹೋಗಲು ಭಾರವೇನೂ ಇಲ್ಲದ ಮಾತು, ಬೇಗ ಎಲ್ಲ ಮನೆ ಮುಟ್ಟಿತು.

ಹಿನಾಳ ಕಿವಿಗೂ ಬಿತ್ತು. ಎದುರು ಮನೆಯ ಕಾಡವ್ವ ಒಂದು ಮಧ್ಯಾಹ್ನ ಅತ್ತೆ ಶಾಹಜಾನಬಿಯ ಪಕ್ಕ ಕುಳಿತು, ಸೊಸೆ ಕಾಲಿಟ್ಟ ಗಳಿಗೆ ಸರಿ ಇರಲಿಲ್ಲವೇನೋ ಎಂದು ಮೆಲ್ಲಗೆ ಎತ್ತಿದಳು. ಹಿನಾ ಬಾಗಿಲ ಹಿಂದೆಯೇ ನಿಂತಿದ್ದಳು. ಅತ್ತೆ ಹೌದು ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. "ಅಲ್ಲಾ ಬಲ್ಲ" ಎಂದು ಸೂಜಿಗೆ ದಾರ ಪೋಣಿಸತೊಡಗಿದಳು. ಬೈದಿದ್ದರೂ ಹಿನಾಗೆ ಅಷ್ಟು ನೋಯುತ್ತಿರಲಿಲ್ಲ. ಎರಡು ಆಗಿದೆ, ಇನ್ನು ಮೂರನೆಯದೇನಾದರೂ ಕೆಟ್ಟರೆ ಈ ಹೆಸರು ತನ್ನ ಜೊತೆಗೇ ಮಣ್ಣಿಗೆ ಹೋಗುವುದು ಎಂದು ಅವಳಿಗೆ ಆವತ್ತೇ ಅನಿಸಿತ್ತು.

ಮೂರನೆಯದಾಗಿ ಮನೆಗೆ ಬಂದದ್ದು ಲ್ಯಾಪ್‌ಟಾಪು. ಎರಡು ಸಾವಿರದ ಎಂಟರ ಬೇಸಿಗೆ. ಮೊಬೈಲು ಎಲ್ಲರ ಕಿಸೆಯಲ್ಲಿತ್ತಾದರೂ ಲ್ಯಾಪ್‌ಟಾಪು ಆ ಓಣಿ ಕಂಡಿರಲಿಲ್ಲ. ಹಿನಾ ಸವದತ್ತಿಯಲ್ಲಿ ಡಿಟಿಪಿ ಕಲಿತವಳು, ಕನ್ನಡ ಟೈಪಿಂಗಿನಲ್ಲಿ ಅವಳ ಬೆರಳು ಮಾತಿಗಿಂತ ಮುಂದೆ ಓಡುತ್ತಿದ್ದವು. ಬಜಾರಿನಲ್ಲಿ ಪ್ರೆಸ್ ಇಟ್ಟಿದ್ದ ಅಂದಾನೆಪ್ಪನಿಗೆ ಲಗ್ನದ ಹಂಗಾಮಿನಲ್ಲಿ ಕೈ ಸಾಲುತ್ತಿರಲಿಲ್ಲ. ತೌಸೀಫ್‌ನ ಮುಖಾಂತರ ಅವಳ ಸುದ್ದಿ ತಿಳಿದು, ಮನೆಯಲ್ಲೇ ಕುಳಿತು ಲಗ್ನಪತ್ರಿಕೆ ಮಾಡಿಕೊಡಲಿ ಎಂದು ತನ್ನ ಹಳೆಯ ಲ್ಯಾಪ್‌ಟಾಪನ್ನು ಕಳಿಸಿದ. ಕರೆಂಟು ಬಂದರೆ ಬಂತು ಹೋದರೆ ಹೋಯಿತು ಎನ್ನುವ ಊರಿನಲ್ಲಿ ಬ್ಯಾಟರಿ ಇದ್ದದ್ದೇ ಬೇಕಿತ್ತು.

ಶಾಹಜಾನಬಿ ಆ ಕರಿಯ ಡಬ್ಬಿಯನ್ನು ಬಹಳ ಹೊತ್ತು ನೋಡಿದಳು. ಇಷ್ಟು ಬೆಲೆಬಾಳುವ ಸಾಮಾನನ್ನು ಬರಿಯ ನೆಲದ ಮೇಲೆ ಇಡುತ್ತಾರೆಯೇ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಟ್ರಂಕು ತೆಗೆದಳು.

ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಭಾಗದಲ್ಲಿ ಇರಲಿಲ್ಲ. ಓಣಿಯಲ್ಲಿ ಹುಟ್ಟಿದ ಕೂಸು ಯಾವ ಜಾತಿಯದಿರಲಿ, ಮೊದಲು ಮಲಗುವುದು ಅವಳ ಕೌದಿಯ ಮೇಲೆ. ಹೊಸ ಸೊಸೆಗೂ ಒಂದು ಕೌದಿ ಕೊಡುವುದು ರೂಢಿ. ಹಿನಾಗೆ ಮಾತ್ರ ಅದು ಸಿಕ್ಕಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಈಗ ಅತ್ತೆ ಹಳೆಯ ಸೀರೆಗಳನ್ನು ಹರಿದು, ನಡುವೆ ತನ್ನ ಮದುವೆ ಸೀರೆಯ ಹಸಿರು ತುಂಡನ್ನಿಟ್ಟು, ತೊಟ್ಟಿಲಿಗೆ ಹಾಸುವ ಅಳತೆಯ ಪುಟ್ಟ ಕೌದಿ ಹೊಲಿದಳು. ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಇಟ್ಟಳು.

"ನೀ ದುಡಿಯೋ ಸಾಮಾನು. ಇನ್ನ ಮೆತ್ತಗ ಇರಲಿ."

ಹಿನಾ ನೀರು ಕಾಯಿಸುವ ನೆಪ ಮಾಡಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟಳು. ಸಂತೋಷಕ್ಕೆ.

ಆ ಸಂತೋಷ ಬಹಳ ಬಾಳಲಿಲ್ಲ. ಮುನವಳ್ಳಿಯ ಒಂದು ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರು ಹೊಡೆಯುತ್ತಿದ್ದಳು. ದೊಡ್ಡ ಮನೆತನ, ಹೆಸರುಗಳು ಮುಗಿಯುತ್ತಲೇ ಇರಲಿಲ್ಲ. ಕೊನೆಯ ಕಾಕಾನ ಹೆಸರಿಗೆ ಬಂದಾಗ ಪರದೆ ಕಪ್ಪಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಯಂತ್ರ ತಾನೇ ಎದ್ದು, ಏನೂ ಆಗಿಲ್ಲವೆಂಬಂತೆ ಸ್ವಾಗತ ಕೋರಿತು. ಕಾಕಾಗಳೂ ಇಲ್ಲ, ಮದುಮಗನೂ ಇಲ್ಲ. ಮತ್ತೆ ಹೊಡೆದಳು. ಮತ್ತೆ ಬಿತ್ತು, ಮತ್ತೆ ಎದ್ದಿತು. ಎಲ್ಲಿ ಬೀಳುವುದೋ ಗೊತ್ತಿಲ್ಲದೆ ಪ್ರತಿ ಸಾಲಿಗೂ ಸೇವ್ ಮಾಡುತ್ತ, ಪ್ರತಿ ಸಾಲಿಗೂ ಅಂಜುತ್ತ ಕೆಲಸ ಸಾಗಿತು.

ಅಂದಾನೆಪ್ಪನ ತಂಗಿಯ ಮಗ ನಿಂಗರಾಜ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದ್ದ. ತೌಸೀಫ್ ಲ್ಯಾಪ್‌ಟಾಪನ್ನು ಅವನಲ್ಲಿಗೆ ಒಯ್ದ. ನಿಂಗರಾಜ ಮೊದಲು ವೈರಸ್ ಎಂದು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಮನೆಗೆ ತಂದರೆ ಅದೇ ಹಾಡು. ಆಮೇಲೆ ಒಳಗಿನ ರ‍್ಯಾಮ್ ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸಿದ. ಮನೆಗೆ ತಂದರೆ ಅದೇ ಹಾಡು. ವಿಚಿತ್ರವೆಂದರೆ ಅವನ ಗಾಜಿನ ಕೌಂಟರಿನ ಮೇಲೆ ಇಡೀ ದಿನ ಹಾಡು ಹಾಕಿದರೂ ಅದಕ್ಕೆ ನೆಗಡಿ ಕೂಡ ಬರುತ್ತಿರಲಿಲ್ಲ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ನಿಂಗರಾಜನೂ ಕೊನೆಗೆ ಅಂಗಳವನ್ನೇ ದೂರಿದ.

"ಅಂಗಡ್ಯಾಗ ಛಲೋ ಐತಿ. ನಿಮ್ಮ ಮನ್ಯಾಗ ಏನೋ ಐತಿ ನೋಡ್ರಿ" ಎಂದ.

ಅವನು ಹೇಳಿದ್ದು ವೈರಿಂಗಿನ ಬಗ್ಗೆ. ತೌಸೀಫ್ ಭೋಳೆ ಮನುಷ್ಯ, ಮನೆಗೆ ಬಂದವನೇ ಆ ಮಾತನ್ನು ಹಾಗೆಯೇ ಕಟ್ಟೆಯ ಮೇಲೆ ಇಳಿಸಿದ. ಕಟ್ಟೆಯ ಮೇಲೆ ಕಾಡವ್ವ ಕುಳಿತಿದ್ದಳು. ವೈರು ಗೀರು ಅವಳಿಗೆ ತಿಳಿಯದು, 'ಮನ್ಯಾಗ ಏನೋ ಐತಿ' ಎಂಬುದು ಚೆನ್ನಾಗಿ ತಿಳಿಯಿತು. ಮರುದಿನದಿಂದ ಹಿನಾ ಅಂಗಳಕ್ಕೆ ಬಂದರೆ ಓಣಿಯ ಹೆಂಗಸರು ಮೊದಲು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಪಾದವನ್ನು.

ಶಾಹಜಾನಬಿ ತನಗೆ ತಿಳಿದ ಔಷಧವನ್ನೆಲ್ಲ ಮಾಡಿದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದರ್ಗಾದಿಂದ ದಾರ ತಂದು ಲ್ಯಾಪ್‌ಟಾಪು ಮಡಚುವ ಸಂದಿಗೆ ಕಟ್ಟಿದಳು. ಎಲ್ಲಕ್ಕಿಂತ ಹೆಚ್ಚಾಗಿ, ಅದು ರಿಪೇರಿಗೆ ಹೋಗಿ ಬಂದಾಗಲೆಲ್ಲ "ಪಾಪ, ದಣಿದ ಬಂದೈತಿ" ಎಂದು ಕೌದಿಗೆ ಇನ್ನೊಂದು ಪದರು ಹಚ್ಚಿ ಹೊಲಿಯುತ್ತಿದ್ದಳು. ಕೌದಿ ಉಬ್ಬಿ ಉಬ್ಬಿ ಗಾದಿಯಾಯಿತು. ಲ್ಯಾಪ್‌ಟಾಪು ಅದರಲ್ಲಿ ಅರ್ಧ ಹುದುಗಿಕೊಂಡು ಕೂಡುತ್ತಿತ್ತು.

ಕಡೆಗೆ ಅಂದಾನೆಪ್ಪ ತಾನೇ ಮನೆಗೆ ಬಂದ. ಸಿಟ್ಟು ಮಾಡಲಿಲ್ಲ, ಚಹಾ ಕುಡಿದ. ಲಗ್ನದ ಮುಹೂರ್ತಗಳು ಯಂತ್ರಕ್ಕಾಗಿ ಕಾಯುವುದಿಲ್ಲ, ನೇಸರಗಿಯವರ ಪತ್ರಿಕೆ ಸೋಮವಾರದೊಳಗೆ ಕೈಗೆ ಬರದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದ. ಒಳ್ಳೆಯವರ ಮಾತು ಕೆಟ್ಟವರ ಬೈಗುಳಕ್ಕಿಂತ ಭಾರ. ಅವನು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶುಕ್ರವಾರ ಶಾಹಜಾನಬಿ ಮನೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆಯಲು ತೆಗೆದಳು. ಜೊತೆಗೆ ಪುಟ್ಟ ಕೌದಿಯನ್ನೂ ಒಗೆದು ಗೋಡೆಯ ಮೇಲೆ ಹರವಿದಳು. ಹಿನಾ ಆವತ್ತು ಒಂದು ಮಣೆ ಎಳೆದುಕೊಂಡು ಅದರ ಮೇಲೆ ಲ್ಯಾಪ್‌ಟಾಪು ಇಟ್ಟು ಕುಳಿತಳು. ಈಗ ಬೀಳುತ್ತದೆ, ಇನ್ನೇನು ಬೀಳುತ್ತದೆ ಎಂದುಕೊಳ್ಳುತ್ತಲೇ ನೇಸರಗಿಯವರ ಪತ್ರಿಕೆ ಮುಗಿಯಿತು. ಇನ್ನೆರಡು ಮುಗಿದವು. ಯಂತ್ರ ಒಮ್ಮೆಯೂ ಬೀಳಲಿಲ್ಲ. ನಿವಾಳಿಸಿದ ಮೆಣಸಿನಕಾಯಿಗೂ ದರ್ಗಾದ ದಾರಕ್ಕೂ ಅವಳು ಮನಸ್ಸಿನಲ್ಲೇ ಶರಣೆಂದಳು.

ಸಂಜೆ ಅತ್ತೆ ಬಿಸಿಲು ಕುಡಿದ ಕೌದಿಯನ್ನು ತಂದು, ಕೊಡವಿ, ಪ್ರೀತಿಯಿಂದ ಹಾಸಿ, ಲ್ಯಾಪ್‌ಟಾಪನ್ನು ಅದರ ಮೇಲಿಟ್ಟು ಹೋದಳು. ಸ್ವಲ್ಪ ಹೊತ್ತಿಗೇ ಪರದೆ ಕಪ್ಪಾಯಿತು.

ಹಿನಾ ಅದನ್ನು ಎತ್ತಿದಳು. ಅದರ ಹೊಟ್ಟೆ ಒಲೆಯಿಂದ ಇಳಿಸಿದ ಹಂಚಿನಂತೆ ಸುಡುತ್ತಿತ್ತು. ಕೆಳಗೆ ಸಾಲು ಸೀಳುಗಳು, ಒಳಗೆ ಪುಟ್ಟ ಫ್ಯಾನು. ಮಣೆಯ ಮೇಲಿಟ್ಟಳು, ಸ್ವಲ್ಪ ಹೊತ್ತಿಗೆ ತಣ್ಣಗಾಗಿ ನೆಟ್ಟಗೆ ನಡೆಯಿತು. ಕೌದಿಯ ಮೇಲಿಟ್ಟಳು, ಬಿತ್ತು. ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು ಎನಿಸಿತು. ಈ ಮನೆಯಲ್ಲಿ ಅತ್ತೆ ತನಗೆಂದು ಮಾಡಿದ್ದು ಅದೊಂದೇ. ಯಾವ ಬಾಯಿಂದ ಹೇಳುವುದು?

ಹೇಳಲಿಲ್ಲ. ಅತ್ತೆ ಹಿತ್ತಲಿಗೆ ಹೋದರೆ ಮಣೆ, ಅತ್ತೆಯ ಬಳೆ ಸದ್ದು ಕೇಳಿದರೆ ಕೌದಿ. ಎರಡು ದಿನ ಈ ನಾಟಕ ನಡೆಯಿತು. ಎಷ್ಟೆಂದರೂ ಹೊಸ ನಟಿ, ಭಾನುವಾರ ಸಿಕ್ಕಿಬಿದ್ದಳು. ಬಳೆಗಳನ್ನು ಮೇಲೆ ಸರಿಸಿಕೊಂಡು ಹಿಟ್ಟಿನ ಕೈಯಲ್ಲಿ ಬಂದ ಶಾಹಜಾನಬಿಗೆ ಕಂಡದ್ದು, ಮಣೆಯ ಮೇಲೆ ಕುಳಿತ ಲ್ಯಾಪ್‌ಟಾಪು ಮತ್ತು ಟ್ರಂಕಿನ ಹಿಂದೆ ತುರುಕಿದ ತನ್ನ ಕೌದಿ. ಅವಳು ಕೌದಿಯನ್ನು ಎಳೆದುಕೊಂಡು, ಧೂಳು ಕೊಡವಿ, ಮಡಚಿ ಒಳಗೆ ಒಯ್ದಳು. ಆ ದಿನ ಊಟಕ್ಕೆ ಹಸಿವಿಲ್ಲ ಎಂದಳು. ಮರುದಿನ ಬೆಳಿಗ್ಗೆ ಚಹಾದ ಬಟ್ಟಲನ್ನು ಹಾಗೆಯೇ ಕೆಳಗಿಟ್ಟು ಕೇಳಿದಳು:

"ಮುದುಕಿ ಉಟ್ಟಬಿಟ್ಟ ಸೀರಿ ಅಂತ ಹೇಸಿಗಿ ಬಂತೇನು ನಿನಗ?"

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಕೌದಿಗೆ ಅಪಮಾನ, ಹೇಳದಿದ್ದರೆ ಕೌದಿ ಹೊಲಿದವಳಿಗೆ. ಹಿನಾ ಕೌದಿಗಿಂತ ಹೊಲಿದವಳನ್ನು ಆರಿಸಿಕೊಂಡಳು.

"ಹೇಸಿಗಿ ಅಲ್ಲರಿ ಅಮ್ಮಾ. ಈ ಮಷೀನು ಹೊಟ್ಟಿ ಕೆಳಗಿಂದ ಉಸಿರಾಡತೈತ್ರಿ. ಕೌದಿ ಮೆತ್ತಗ ಐತಿ, ಅದರ ಮೂಗು ಮುಚ್ಚತೈತಿ. ಉಸಿರ ಕಟ್ಟಿ ಬೀಳತೈತ್ರಿ ಅದು."

ಶಾಹಜಾನಬಿ ನಂಬಲಿಲ್ಲ. ಕೌದಿಯನ್ನು ತಾನೇ ತಂದು ಹಾಸಿ, ಇಡು ಎಂದಳು. ಅತ್ತೆ ಸೊಸೆ ಇಬ್ಬರೂ ಒಲೆಯ ಮೇಲಿನ ಹಾಲು ಕಾಯುವವರಂತೆ ಪರದೆ ನೋಡುತ್ತ ಕುಳಿತರು. ಬಿತ್ತು. ಹಿನಾ ಅವಳ ಅಂಗೈಯನ್ನು ಹಿಡಿದು ಯಂತ್ರದ ಕೆಳಗೆ ತೂರಿಸಿದಳು. ಶಾಹಜಾನಬಿ ಸುಟ್ಟ ಕೈಯನ್ನು ಹಿಂದೆಳೆದುಕೊಂಡು, ಇನ್ನೊಮ್ಮೆ ಮಾಡು ಎಂದಳು. ಇನ್ನೊಮ್ಮೆಯೂ ಬಿತ್ತು. ಮಣೆಯ ಮೇಲಿಟ್ಟು ತಣಿದ ಮೇಲೆ ಚಾಲೂ ಮಾಡಿದರೆ ನೆಟ್ಟಗೆ ನಡೆಯಿತು. ಸೀಳುಗಳಿಂದ ಬರುತ್ತಿದ್ದ ಗಾಳಿಗೆ ಅವಳು ಬಹಳ ಹೊತ್ತು ಬೆರಳು ಹಿಡಿದು ಕುಳಿತಿದ್ದಳು.

ಇನ್ನು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಹಿನಾ ತಲೆ ತಗ್ಗಿಸಿದಳು.

"ಹಂಗಾರ ಇದನ್ನ ಕೆಡಿಸಿದಾಕಿ ನಾನು" ಎಂದಳು ಶಾಹಜಾನಬಿ.

"ನೀವು ಛಲೋ ಆಗಲಿ ಅಂತನ ಮಾಡಿದ್ರಿ ಅಮ್ಮಾ..."

"ತಡಿ. ನಾನು ಕೆಡಿಸೀನಿ ಅಂದ್ರ, ನೀ ಕೆಡಿಸಿಲ್ಲ. ಹೌದಿಲ್ಲೋ?"

ಹಿನಾ ತಲೆಯೆತ್ತಿದಳು. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ದಿನದ ಜ್ವರ ಬಿಟ್ಟವರ ಮುಖದಂತಿತ್ತು.

"ನನಗೂ ಒಳಗ ಅಂಜಿಕಿ ಇತ್ತು ಬೇಟಿ. ಟೆಂಪೋ ಆತು, ಎಮ್ಮಿ ಆತು, ಮತ್ತ ಇದೂ ಹಂಗ ಆತಲ್ಲ ಅಂತ. ಕಾಡವ್ವ ಅಂದಾಗ ಅಲ್ಲ ಅನ್ನಾಕ ನನ್ನ ನಾಲಿಗಿ ಎದ್ದೇಳಲಿಲ್ಲ. ಅದಕ್ಕ ಪದರ ಮ್ಯಾಲ ಪದರ ಹಚ್ಚಿದ್ನಿ. ಇದೊಂದಾದ್ರೂ ನಿನ್ನ ಕೈಯಾಗ ಉಳೀಲಿ ಅಂತ."

ಹಿನಾ ಅವಳ ಸುಟ್ಟ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ಹೊರಗೆ ನಳಕ್ಕೆ ನೀರು ಬಂತೆಂದು ಕೂಗು ಎದ್ದಿತು. ವಾರಕ್ಕೊಮ್ಮೆ ಬರುವ ನೀರು, ಓಣಿಯೆಲ್ಲ ಕೊಡ ಹಿಡಿದು ಓಡಿತು. ಶಾಹಜಾನಬಿಯೂ ಎದ್ದಳು. ಕೊಡ ಮುಟ್ಟಲಿಲ್ಲ, ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟಳು. ಹಿನಾ ಕಿಟಕಿಗೆ ಹೋಗಿ ನಿಂತಳು.

ನಳದ ಸುತ್ತಲಿನ ಗದ್ದಲದ ನಡುವೆ ಶಾಹಜಾನಬಿ ಕೌದಿಯನ್ನು ಎರಡೂ ಕೈಯಿಂದ ಬಿಚ್ಚಿ ಹಿಡಿದಳು. ಮದುವೆ ಸೀರೆಯ ಹಸಿರು ತುಂಡು ಬಿಸಿಲಿಗೆ ಎಲ್ಲರಿಗೂ ಕಂಡಿತು. ಅಂದಾನೆಪ್ಪನ ಮಷೀನು ಕೆಡಿಸಿದ್ದು ಈ ಕೌದಿ, ಹೊಲಿದವಳು ನಾನು, ಹಾಸಿದವಳು ನಾನು, ಈಗ ಇದನ್ನು ತೆಗೆದ ಮೇಲೆ ಅದು ಕುದುರೆಯಂತೆ ಓಡುತ್ತಿದೆ, ಬೇಕಾದವರು ಬಂದು ನೋಡಿಕೊಂಡು ಹೋಗಿ ಎಂದು ದೊಡ್ಡ ದನಿಯಲ್ಲಿ ಹೇಳಿದಳು. ಕೊಡಗಳ ಸದ್ದು ನಿಂತಿತು. ಕಾಡವ್ವ ಮಾತ್ರ ನಗುತ್ತಲೇ, ಅದು ಹೋಗಲಿ, ಟೆಂಪೋದ್ದೇನು ಎಂದು ಕೇಳಿದಳು.

"ನನ್ನ ಮಗ ಆಯಿಲ್ ಹಾಕಿರಲಿಲ್ಲ, ಸೀಜ್ ಆತು. ಎಮ್ಮಿಗೆ ಮುಪ್ಪಾಗಿತ್ತು, ಬತ್ತಿತು. ಇದು ನನಗ ಮೊದಲ ಗೊತ್ತಿತ್ತು ಕಾಡವ್ವಾ. ಗೊತ್ತಿದ್ದೂ ನಿನ್ನ ಮುಂದ ಬಾಯಿ ಮುಚ್ಚಿಕೊಂಡು ಕುಂತಿದ್ನಿ, ಅದು ನನ್ನ ತಪ್ಪು." ಅವಳು ಕೌದಿಯನ್ನು ಮತ್ತೆ ಹೆಗಲಿಗೇರಿಸಿದಳು. "ಇನ್ನ ಮ್ಯಾಲ ನನ್ನ ಸೊಸಿ ಕಾಲಿನ ಸುದ್ದಿ ಎತ್ತಾವ್ರು, ಮೊದಲ ನನ್ನ ಕೈಯ ಸುದ್ದಿ ಎತ್ರಿ."

ಯಾರದೋ ಕೊಡ ತುಂಬಿ ಹರಿಯುತ್ತಿತ್ತು, ತೆಗೆಯುವುದು ಅದರ ಒಡತಿಗೂ ನೆನಪಾಗಲಿಲ್ಲ. ಹಿನಾಕೌಸರ ಕಿಟಕಿ ಬಿಟ್ಟು, ಸೆರಗನ್ನು ಸರಿಮಾಡಿಕೊಂಡು, ಕೊಡ ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಎಲ್ಲರೂ ನೋಡುವ ಹಾಗೆ ನೇರವಾಗಿ ನಡೆದು ಹೋಗಿ ಅತ್ತೆಯ ಪಕ್ಕದಲ್ಲಿ ನಿಂತಳು.